ಆದೇಶ ಎಲ್ಲಿ ನಿಂತಿದೆ? ಕಾರ್ಯ ನಿರ್ವಹಣಾ ಆಪ್‌ಗಳ ಆಯ್ಕೆಗೆ ಮುನ್ನ ಒಂದಿಷ್ಟು ಲೆಕ್ಕಾಚಾರ

ಸೋಮವಾರ ಬೆಳಿಗ್ಗೆ ಗ್ರಾಹಕ ಸಂಸ್ಥೆಯ ಖರೀದಿ ವಿಭಾಗದಿಂದ ದೂರವಾಣಿ ಕರೆ ಬರುತ್ತದೆ. ಆರು ವಾರಗಳ ಹಿಂದೆ ಕೊಟ್ಟ ಆದೇಶ ಈಗ ಯಾವ ಹಂತದಲ್ಲಿದೆ ಎಂಬುದಷ್ಟೇ ಪ್ರಶ್ನೆ. ಘಟಕದ ಮಾಲೀಕರು ಸೂಪರ್‌ವೈಸರನ್ನು ಕೇಳುತ್ತಾರೆ, ಸೂಪರ್‌ವೈಸರು ಲೇತ್ ನಡೆಸುವವರನ್ನು ಕೇಳುತ್ತಾರೆ. ಎರಕದ ಭಾಗಗಳು ಫೌಂಡ್ರಿಯಿಂದ ಬಂದ ದಿನಾಂಕವನ್ನು ವಾಟ್ಸ್‌ಆಪ್ ಗುಂಪಿನಲ್ಲಿ ಹಿಂದಕ್ಕೆ ಸರಿಸುತ್ತ ಹುಡುಕಬೇಕಾಗುತ್ತದೆ. 'ಅರ್ಧ ಗಂಟೆಯಲ್ಲಿ ತಿಳಿಸುತ್ತೇವೆ' ಎಂಬ ಉತ್ತರ ಹೋಗುತ್ತದೆ. ಆ ಅರ್ಧ ಗಂಟೆ ಮಧ್ಯಾಹ್ನದವರೆಗೂ ಬೆಳೆಯುವುದು ಸಣ್ಣ ಉದ್ದಿಮೆದಾರರಿಗೆ ಹೊಸ ಅನುಭವವೇನಲ್ಲ.

ಈ ಅನಿಶ್ಚಿತತೆಗೆ ಬೆಲೆಯುಂಟು. ಸಾರ್ವಜನಿಕ ವಲಯದ ಖರೀದಿ ಆದೇಶಗಳಲ್ಲಿ ವಿಳಂಬಕ್ಕೆ ವಾರಕ್ಕೆ ಶೇ. 0.5ರಂತೆ ದಂಡ ವಿಧಿಸುವ ಷರತ್ತು ಸಾಮಾನ್ಯ. 8 ಲಕ್ಷ ರೂಪಾಯಿಯ ಆದೇಶ ನಾಲ್ಕು ವಾರ ತಡವಾದರೆ 16,000 ರೂಪಾಯಿ ಬಿಲ್ಲಿನಲ್ಲೇ ಕಡಿತವಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಮುಂದಿನ ಬಾರಿ ವಿಚಾರಣಾ ಪತ್ರವೇ ಬಾರದಿರುವುದು. ಅದು ಯಾವ ಲೆಕ್ಕಪುಸ್ತಕದಲ್ಲೂ ದಾಖಲಾಗುವುದಿಲ್ಲ.

ಹಣಕಾಸಿನ ಲೆಕ್ಕದಲ್ಲಿ ರಾಜ್ಯದ ಉದ್ದಿಮೆಗಳು ಗಣಕೀಕರಣವನ್ನು ಬಹು ಹಿಂದೆಯೇ ಒಪ್ಪಿಕೊಂಡಿವೆ. ಬೆಂಗಳೂರಿನ ಟ್ಯಾಲಿ ತಂತ್ರಾಂಶ ಹಳ್ಳಿಯ ಗೊಬ್ಬರದ ಅಂಗಡಿಯವರೆಗೂ ತಲುಪಿದೆ. ಯಾರಿಂದ ಎಷ್ಟು ಬಾಕಿ ಬರಬೇಕೆಂಬುದು ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಯಾವ ಕೆಲಸ ಯಾರ ಬಳಿ ಎಷ್ಟು ದಿನದಿಂದ ನಿಂತಿದೆ ಎಂಬುದು ಮಾತ್ರ ಇಂದಿಗೂ ಮಾಲೀಕರ ನೆನಪಿನಲ್ಲಿ, ಸೂಪರ್‌ವೈಸರ ಕಿಸೆಪುಸ್ತಕದಲ್ಲಿ, ಮೊಬೈಲಿನ ಸಂದೇಶಗಳಲ್ಲಿ ಹಂಚಿಹೋಗಿದೆ. ಈ ಕೊರತೆಯನ್ನು ನೀಗಿಸುವೆವೆಂದು ಟ್ರೆಲೊ, ಆಸನಾ, ಜಿರಾ, ಮಂಡೇ ಡಾಟ್ ಕಾಮ್, ಕ್ಲಿಕ್‌ಅಪ್, ನೋಷನ್, ಬೇಸ್‌ಕ್ಯಾಂಪ್, ಜೋಹೋ ಪ್ರಾಜೆಕ್ಟ್ಸ್ ಮೊದಲಾದ ಹತ್ತಾರು ಆಪ್‌ಗಳು ಮಾರುಕಟ್ಟೆಯಲ್ಲಿ ಪೈಪೋಟಿ ನಡೆಸಿವೆ. ಪ್ರತಿಯೊಂದರ ಪ್ರಚಾರದಲ್ಲೂ ಸೌಲಭ್ಯಗಳ ಉದ್ದನೆಯ ಪಟ್ಟಿ ಇರುತ್ತದೆ, ಪಕ್ಕದಲ್ಲಿ ಎದುರಾಳಿಯ ಪಟ್ಟಿಯಲ್ಲಿನ ಕೊರತೆಗಳೂ ಇರುತ್ತವೆ. ಇಂಥ ಪಟ್ಟಿಗಳನ್ನು ಎದುರಿಗಿಟ್ಟುಕೊಂಡು ಆಯ್ಕೆ ಮಾಡಿದವರು ಬಹುಪಾಲು ಅಗತ್ಯಕ್ಕಿಂತ ದೊಡ್ಡ ತಂತ್ರಾಂಶವನ್ನು ಕೊಂಡು, ಕೆಲವೇ ತಿಂಗಳಲ್ಲಿ ವಾಟ್ಸ್‌ಆಪ್‌ಗೆ ಮರಳುತ್ತಾರೆ. ಪಟ್ಟಿಯಲ್ಲಿ ಕಾಣದ ಎರಡು ಸಂಗತಿಗಳು ಆಯ್ಕೆಯನ್ನು ನಿರ್ಧರಿಸಬೇಕು. ಪ್ರತಿದಿನ ಮಾಹಿತಿಯನ್ನು ತುಂಬುವವರು ಯಾರು ಎಂಬುದು ಒಂದು. ನಾಳೆ ಆ ತಂತ್ರಾಂಶವನ್ನು ಬಿಡಬೇಕಾಗಿ ಬಂದರೆ ಕೈಯಲ್ಲಿ ಏನು ಉಳಿಯುತ್ತದೆ ಎಂಬುದು ಇನ್ನೊಂದು. ಆದರೆ ಅದಕ್ಕೂ ಮೊದಲು ಕೆಲಸದ ಸ್ವರೂಪವನ್ನು ಅರಿಯುವುದು ಅಗತ್ಯ.

ಪಟ್ಟಿ, ಫಲಕ, ನಕ್ಷೆ

ಹೆಸರುಗಳು ಎಷ್ಟೇ ಇದ್ದರೂ ಈ ತಂತ್ರಾಂಶಗಳ ಮೂಲ ವಿಧಾನಗಳು ಕೆಲವೇ. ಅವುಗಳಲ್ಲಿ ಹಳೆಯದು ಕಾಲನಕ್ಷೆ. ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಬಳಕೆಗೆ ತಂದ ಅಡ್ಡಪಟ್ಟಿಗಳ ನಕ್ಷೆ ಇಂದಿಗೂ ಅವರ ಹೆಸರಿನಲ್ಲೇ ಉಳಿದಿದೆ. ಒಂದು ಕೆಲಸ ಮುಗಿದ ನಂತರವೇ ಇನ್ನೊಂದು ಆರಂಭವಾಗಬೇಕು ಎಂಬ ಅವಲಂಬನೆಯನ್ನು ಲೆಕ್ಕಹಾಕುವ ಕ್ರಮವನ್ನು 1957ರಲ್ಲಿ ಡ್ಯುಪಾಂಟ್ ಕಂಪನಿಯೂ 1958ರಲ್ಲಿ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ಅಮೆರಿಕದ ನೌಕಾಪಡೆಯೂ ರೂಪಿಸಿದವು. 1984ರಲ್ಲಿ ಮೊದಲ ಆವೃತ್ತಿ ಕಂಡ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಇದೇ ಪರಂಪರೆಯದು. ಹೊಸ ಶೆಡ್ ನಿರ್ಮಾಣ, ಯಂತ್ರಸ್ಥಾಪನೆ, ಒಂದು ಸಕ್ಕರೆ ಕಾರ್ಖಾನೆಯ ವಾರ್ಷಿಕ ದುರಸ್ತಿ ಮುಂತಾದ, ಆರಂಭ ಮತ್ತು ಅಂತ್ಯ ಎರಡೂ ಸ್ಪಷ್ಟವಾಗಿರುವ ಕೆಲಸಗಳಿಗೆ ಇಂದಿಗೂ ಇದಕ್ಕಿಂತ ಉತ್ತಮ ಸಾಧನವಿಲ್ಲ. ಅಡಿಪಾಯ ಒಣಗುವ ಮುನ್ನ ಯಂತ್ರವನ್ನು ಕೂರಿಸುವಂತಿಲ್ಲ ಎಂಬುದನ್ನು ನಕ್ಷೆ ಒಂದೇ ನೋಟಕ್ಕೆ ತೋರಿಸುತ್ತದೆ.

ಆದರೆ ದಿನನಿತ್ಯ ಹತ್ತಾರು ಸಣ್ಣ ಆದೇಶಗಳು ಒಂದೇ ದಾರಿಯಲ್ಲಿ ಸಾಗುವ ಘಟಕಕ್ಕೆ ಕಾಲನಕ್ಷೆ ಹೊರೆಯಾಗುತ್ತದೆ. ಒಂದು ಯಂತ್ರ ಕೆಟ್ಟರೆ ನೂರು ಪಟ್ಟಿಗಳನ್ನು ಸರಿಸಬೇಕು. ಅಂಥ ಕಡೆ ಒಗ್ಗುವುದು ಫಲಕ. ಟೊಯೊಟಾ ಕಂಪನಿಯ ತಾಯಿಚಿ ಓನೊ ರೂಪಿಸಿದ ಕಾನ್‌ಬಾನ್ ಪದ್ಧತಿಯ ಕಾರ್ಡುಗಳಿಂದ ಈ ಕಲ್ಪನೆ ಬಂದಿದೆ. 1999ರ ಕೊನೆಯಿಂದ ಬಿಡದಿಯಲ್ಲಿ ವಾಹನ ತಯಾರಿಸುತ್ತಿರುವ ಟೊಯೊಟಾ ಕಿರ್ಲೋಸ್ಕರ್‌ಗೆ ಬಿಡಿಭಾಗ ಪೂರೈಸುವವರಿಗೆ ಈ ಪದ ಅಪರಿಚಿತವಲ್ಲ. 2011ರಲ್ಲಿ ನ್ಯೂಯಾರ್ಕಿನ ಫಾಗ್ ಕ್ರೀಕ್ ಸಂಸ್ಥೆ ಬಿಡುಗಡೆ ಮಾಡಿದ ಟ್ರೆಲೊ ಇದೇ ಕಾರ್ಡುಗಳನ್ನು ಗಣಕದ ಪರದೆಗೆ ತಂದಿತು. ಪ್ರತಿ ಹಂತಕ್ಕೊಂದು ಕಂಬಸಾಲು, ಪ್ರತಿ ಆದೇಶಕ್ಕೊಂದು ಕಾರ್ಡು. ಹಂತ ಮುಗಿದೊಡನೆ ಕಾರ್ಡನ್ನು ಬಲಕ್ಕೆ ಸರಿಸಿದರೆ ಸಾಕು. ನಂತರ ಬಂದ ಬಹುತೇಕ ಎಲ್ಲ ಆಪ್‌ಗಳೂ ಈ ನೋಟವನ್ನು ಅಳವಡಿಸಿಕೊಂಡಿವೆ.

ಇಲ್ಲೊಂದು ಮಾತನ್ನು ಗಮನಿಸಬೇಕು. ಟೊಯೊಟಾದಲ್ಲಿ ಕಾರ್ಡು ಅನುಮತಿಪತ್ರವಾಗಿತ್ತು. ಮುಂದಿನ ಹಂತದಿಂದ ಕಾರ್ಡು ಬಾರದೆ ಹಿಂದಿನ ಹಂತದವರು ಒಂದು ಬಿಡಿಭಾಗವನ್ನೂ ತಯಾರಿಸುವಂತಿರಲಿಲ್ಲ. ಗಣಕದ ಕಾರ್ಡಿಗೆ ಆ ಅಧಿಕಾರವಿಲ್ಲ. ಅದು ಸ್ಥಿತಿಯನ್ನು ತೋರಿಸುತ್ತದೆಯೇ ಹೊರತು ಕೆಲಸವನ್ನು ತಡೆಯುವುದಿಲ್ಲ. ಬಣ್ಣಬಣ್ಣದ ಫಲಕ ಬಂದ ಮೇಲೂ ವಿಳಂಬ ತಗ್ಗಲಿಲ್ಲವೆಂದು ದೂರುವವರು ಪದ್ಧತಿಯ ಹೊರರೂಪವನ್ನಷ್ಟೇ ಪಡೆದಿರುತ್ತಾರೆ.

ಮೂರನೆಯದು ಪಟ್ಟಿ. ಲೆಕ್ಕಪರಿಶೋಧಕರು, ತೆರಿಗೆ ಸಲಹೆಗಾರರು, ಕಾರ್ಮಿಕ ಕಾನೂನಿನ ಅನುಪಾಲನೆ ನೋಡಿಕೊಳ್ಳುವ ಕಚೇರಿಗಳಲ್ಲಿ ಕೆಲಸ ಹಂತದಿಂದ ಹಂತಕ್ಕೆ ಸಾಗುವುದಕ್ಕಿಂತ ದಿನಾಂಕಕ್ಕೆ ಕಟ್ಟುಬಿದ್ದಿರುತ್ತದೆ. 7ನೆಯ ತಾರೀಕಿಗೆ ಟಿಡಿಎಸ್ ಪಾವತಿ, ಮಾಸಿಕ ವಿವರಣೆ ಸಲ್ಲಿಸುವವರಿಗೆ 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಭವಿಷ್ಯನಿಧಿ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ. ಐವತ್ತು ಗ್ರಾಹಕರಿದ್ದರೆ ಇದೇ ಸರಣಿ ಐವತ್ತು ಬಾರಿ, ಪ್ರತಿ ತಿಂಗಳೂ. ಇಲ್ಲಿ ಬೇಕಾದುದು ತಾನಾಗಿ ಮರಳಿ ಹುಟ್ಟುವ ಕಾರ್ಯಪಟ್ಟಿ ಮತ್ತು ಯಾರ ಹೆಸರಿಗೆ ಎಷ್ಟು ಬಾಕಿ ಇದೆ ಎಂಬ ಒಂದು ವರದಿ. ಆಸನಾ, ಜೋಹೋ ಪ್ರಾಜೆಕ್ಟ್ಸ್ ಮುಂತಾದವು ಇದನ್ನು ಸಮರ್ಪಕವಾಗಿ ನಿರ್ವಹಿಸುತ್ತವೆ. ಒಬ್ಬರೇ ನಡೆಸುವ ಕಚೇರಿಗೆ ಮೈಕ್ರೋಸಾಫ್ಟ್ ಟು ಡು ಅಥವಾ ಗೂಗಲ್ ಟಾಸ್ಕ್ಸ್ ಸಾಕಾದೀತು.

ಇವಲ್ಲದೆ ನೋಷನ್, ಮಂಡೇ, ಕ್ಲಿಕ್‌ಅಪ್‌ನಂಥವು ಎಲ್ಲವನ್ನೂ ಒಂದೇ ಸೂರಿನಡಿ ಕೊಡುವ ಮಾದರಿಯವು. ಬಳಕೆದಾರರೇ ತಮಗೆ ಬೇಕಾದಂತೆ ಕೋಷ್ಟಕ, ಫಲಕ, ದಾಖಲೆಗಳನ್ನು ಕಟ್ಟಿಕೊಳ್ಳಬಹುದು. ಕಟ್ಟಿಕೊಳ್ಳುವ ಉತ್ಸಾಹ ಮತ್ತು ಬಿಡುವು ಇರುವ ಒಬ್ಬ ನೌಕರನಿದ್ದರೆ ಇವು ಬಹಳ ಉಪಯುಕ್ತ. ಆತ ಕೆಲಸ ಬಿಟ್ಟ ಮರುದಿನ ಉಳಿದವರಿಗೆ ಒಗಟು. ಜಿರಾ 2002ರಲ್ಲಿ ಆಸ್ಟ್ರೇಲಿಯದ ಅಟ್ಲಾಸಿಯನ್ ಸಂಸ್ಥೆ ತಂತ್ರಾಂಶದ ದೋಷಗಳನ್ನು ದಾಖಲಿಸಲು ರೂಪಿಸಿದ್ದು. ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಕಂಪನಿಗಳಲ್ಲಿ ಅದರ ಬಳಕೆ ವ್ಯಾಪಕವಾಗಿದೆಯೆಂಬ ಕಾರಣಕ್ಕೆ ಮಶೀನ್ ಶಾಪಿಗೆ ತರುವುದರಲ್ಲಿ ಅರ್ಥವಿಲ್ಲ.

ತಂತ್ರಾಂಶ ತೀರಿಸಲಾರದ ಲೆಕ್ಕ

ಉದಾಹರಣೆಗಾಗಿ, ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನಲ್ಲಿ 22 ಮಂದಿ ದುಡಿಯುವ, ವಾಲ್ವ್‌ಗಳ ಬಿಡಿಭಾಗ ತಯಾರಿಸುವ ಒಂದು ಘಟಕವನ್ನು ಕಲ್ಪಿಸಿಕೊಳ್ಳಬಹುದು. ಬೆಳಗಾವಿಯ ಫೌಂಡ್ರಿಯಿಂದ ಎರಕದ ಭಾಗಗಳು ಬರುತ್ತವೆ. ಲೇತ್, ಡ್ರಿಲ್ಲಿಂಗ್, ಹೊರಗಿನ ಜಾಬ್‌ವರ್ಕ್, ಹೈಡ್ರೋ ಟೆಸ್ಟ್, ಪೇಂಟಿಂಗ್, ರವಾನೆ ಎಂಬ ಹಂತಗಳನ್ನು ದಾಟಿ ಸರಕು ಹೊರಹೋಗುತ್ತದೆ. ಯಾವುದೇ ದಿನ ಎಣಿಸಿದರೂ ಘಟಕದೊಳಗೆ ಸುಮಾರು 30 ಆದೇಶಗಳು ನಡೆಯುತ್ತಿರುತ್ತವೆ. ವಾರಕ್ಕೆ ಸರಾಸರಿ 5 ಆದೇಶಗಳು ಮುಗಿಯುತ್ತವೆ. ಹಾಗಾದರೆ ಒಂದು ಆದೇಶ ಒಳಬಂದು ಹೊರಹೋಗಲು ಸರಾಸರಿ ಎಷ್ಟು ಕಾಲ ಬೇಕು?

ಉತ್ತರ ಆರು ವಾರ. ಮೂವತ್ತನ್ನು ಐದರಿಂದ ಭಾಗಿಸಿದರೆ ಬರುವ ಸಂಖ್ಯೆ. ಸರಳವೆನಿಸುವ ಈ ಸಂಬಂಧಕ್ಕೆ ಗಣಿತದ ಸಾಧನೆಯನ್ನು 1961ರಲ್ಲಿ ಒದಗಿಸಿದವರು ಅಮೆರಿಕದ ಜಾನ್ ಲಿಟಲ್. ಅಂದಿನಿಂದ ಇದು ಲಿಟಲ್ ನಿಯಮವೆಂದೇ ಪರಿಚಿತ. ಘಟಕದ ಮಾಲೀಕರು ಗ್ರಾಹಕರಿಗೆ ಮೂರು ವಾರಗಳ ಭರವಸೆ ಕೊಡುತ್ತಿದ್ದರೆ ಆ ಭರವಸೆ ಬಹುತೇಕ ಆದೇಶಗಳಲ್ಲಿ ತಪ್ಪಲೇಬೇಕು. ಯಾವ ಆಪ್ ಕೊಂಡರೂ, ಅದಕ್ಕೆ ಎಷ್ಟೇ ಹಣ ಸುರಿದರೂ ಈ ಭಾಗಾಕಾರ ಬದಲಾಗದು. ಬದಲಾಗಬೇಕಾದರೆ ವಾರಕ್ಕೆ ಹತ್ತು ಆದೇಶ ಮುಗಿಯಬೇಕು, ಇಲ್ಲವೇ ಏಕಕಾಲಕ್ಕೆ ಕೈಗೆತ್ತಿಕೊಂಡ ಕೆಲಸ ಹದಿನೈದಕ್ಕೆ ಇಳಿಯಬೇಕು.

ಎರಡನೆಯ ದಾರಿಗೆ ಹೊಸ ಯಂತ್ರ ಬೇಕಿಲ್ಲ. ಎರಕ ಬಂದೊಡನೆ ಎಲ್ಲವನ್ನೂ ಲೇತಿಗೆ ಹಚ್ಚುವ ಬದಲು, ಪ್ರತಿ ಹಂತಕ್ಕೂ ಒಂದು ಗರಿಷ್ಠ ಮಿತಿ ಹಾಕಿ, ಮುಂದಿನ ಹಂತ ತೆರವಾದಾಗ ಮಾತ್ರ ಹೊಸ ಕೆಲಸವನ್ನು ಒಳಬಿಡುವುದು ಅದರ ಕ್ರಮ. ಫಲಕದ ಕಂಬಸಾಲಿನ ತಲೆಬರಹದಲ್ಲೇ 'ಲೇತ್, ಗರಿಷ್ಠ 4' ಎಂದು ಬರೆದರೂ ಆಯಿತು. ಕೆಲವು ತಂತ್ರಾಂಶಗಳು ಮಿತಿ ಮೀರಿದಾಗ ಕಂಬಸಾಲನ್ನು ಬೇರೆ ಬಣ್ಣದಲ್ಲಿ ತೋರಿಸುತ್ತವೆ. ಆದರೆ 'ಐದನೆಯದನ್ನು ಈಗ ಹಚ್ಚಬೇಡಿ' ಎಂದು ಹೇಳುವ ಕಷ್ಟ ಮಾಲೀಕರದೇ. ಆ ಐದನೆಯದು ಪ್ರಭಾವಿ ಗ್ರಾಹಕರದ್ದಾಗಿರುವುದೇ ಹೆಚ್ಚು.

ತುಂಬುವವರು ಯಾರು?

ತಂತ್ರಾಂಶದ ಪ್ರಾತ್ಯಕ್ಷಿಕೆ ನಡೆಯುವುದು ಮಾಲೀಕರ ಹವಾನಿಯಂತ್ರಿತ ಕೊಠಡಿಯಲ್ಲಿ, ದೊಡ್ಡ ಪರದೆಯ ಮೇಲೆ. ಅದು ನಿತ್ಯ ಬಳಕೆಯಾಗಬೇಕಾದದ್ದು ಎಣ್ಣೆ ಮೆತ್ತಿದ ಕೈಗಳ ನಡುವೆ, ಬಿರುಕುಬಿಟ್ಟ ಗಾಜಿನ ಮೊಬೈಲಿನಲ್ಲಿ. ಖರೀದಿಯ ನಿರ್ಧಾರ ಮಾಡುವವರು ಒಬ್ಬರು, ಮಾಹಿತಿ ತುಂಬುವವರು ಇನ್ನೊಬ್ಬರು. ಬಹುತೇಕ ವೈಫಲ್ಯಗಳ ಮೂಲ ಇದೇ ಅಂತರದಲ್ಲಿದೆ.

ಮಾಲೀಕರಿಗೆ ಎಲ್ಲ ವಿವರವೂ ಬೇಕೆನಿಸುವುದು ಸಹಜ. ಆದೇಶದ ಸಂಖ್ಯೆ, ಡ್ರಾಯಿಂಗ್ ಸಂಖ್ಯೆ, ಎರಕದ ಹೀಟ್ ಸಂಖ್ಯೆ, ಯಂತ್ರ, ಆಪರೇಟರ್, ಆರಂಭದ ಸಮಯ, ಮುಗಿದ ಸಮಯ, ತಿರಸ್ಕೃತ ಸಂಖ್ಯೆ, ಕಾರಣ ಎಂದು ಖಾನೆಗಳು ಬೆಳೆಯುತ್ತ ಹೋಗುತ್ತವೆ. ಮೊದಲ ವಾರ ಎಲ್ಲವೂ ತುಂಬುತ್ತವೆ. ಮೂರನೆಯ ವಾರ ಸೂಪರ್‌ವೈಸರು ದಿನದ ಕೊನೆಗೆ ನೆನಪಿನಿಂದ ತುಂಬತೊಡಗುತ್ತಾರೆ. ಎರಡನೆಯ ತಿಂಗಳು ಶನಿವಾರ ಸಂಜೆ ಇಡೀ ವಾರದ್ದನ್ನು ಒಟ್ಟಿಗೆ ಬರೆಯಲಾಗುತ್ತದೆ. ಆ ವೇಳೆಗೆ ಅದು ಊಹೆಯ ದಾಖಲೆ. ತಪ್ಪು ಮಾಹಿತಿಯುಳ್ಳ ಫಲಕ, ಫಲಕವೇ ಇಲ್ಲದಿರುವುದಕ್ಕಿಂತ ಅಪಾಯಕಾರಿ. ಏಕೆಂದರೆ ಅದನ್ನು ನಂಬಿ ಗ್ರಾಹಕರಿಗೆ ದಿನಾಂಕ ಹೇಳಲಾಗುತ್ತದೆ.

ಮೊದಲಿಗೆ ನಾಲ್ಕೇ ಸಂಗತಿಗಳು ಸಾಕು: ಯಾವ ಆದೇಶ, ಯಾವ ಹಂತ, ಯಾರ ಜವಾಬ್ದಾರಿ, ಕೊಟ್ಟ ಮಾತಿನ ದಿನಾಂಕ. ಹಂತ ಬದಲಾದಾಗ ಕಾರ್ಡನ್ನು ಸರಿಸುವುದು ಒಂದೇ ಕೆಲಸ. ಅದಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯುವ ಆಪನ್ನು ಬೇರೆ ಗುಣಗಳಿದ್ದರೂ ಕೈಬಿಡುವುದು ಲೇಸು. ಜಾಲಸಂಪರ್ಕ ದುರ್ಬಲವಾಗಿರುವ ಶೆಡ್ಡಿನ ಮೂಲೆಯಲ್ಲಿ ಆಪ್ ತೆರೆದುಕೊಳ್ಳುತ್ತದೆಯೇ, ಅಗ್ಗದ ಮೊಬೈಲಿನಲ್ಲಿ ನಡೆಯುತ್ತದೆಯೇ ಎಂಬುದನ್ನು ಕೊಳ್ಳುವ ಮುನ್ನ ಅಲ್ಲಿಯೇ ನಿಂತು ನೋಡಬೇಕು.

ಭಾಷೆಯ ಪ್ರಶ್ನೆಯೂ ಇದರೊಂದಿಗೆ ಸೇರಿದೆ. ಯೂನಿಕೋಡ್ ನೆಲೆಗೊಂಡಿರುವುದರಿಂದ ಈ ಆಪ್‌ಗಳಲ್ಲಿ ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ. ಹಂತಗಳ ಹೆಸರುಗಳನ್ನೂ ಸೂಚನೆಗಳನ್ನೂ ಕನ್ನಡದಲ್ಲೇ ಇಟ್ಟರೆ ಯಂತ್ರದ ಮುಂದಿರುವವರು ನೇರವಾಗಿ ಬಳಸಬಲ್ಲರು. ಗುಂಡಿಗಳ ಹೆಸರು ಇಂಗ್ಲಿಷಿನಲ್ಲಿದ್ದರೂ ಸರಿಸುವ ಕ್ರಿಯೆಗೆ ಅದು ತೊಡಕಲ್ಲ. ಪಿಡಿಎಫ್ ವರದಿ ತೆಗೆದಾಗ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ಮಾತ್ರ ಪರೀಕ್ಷಿಸಿಕೊಳ್ಳಬೇಕು. ಕನ್ನಡವನ್ನು ಪರದೆಯ ಮೇಲೆ ಚೆನ್ನಾಗಿ ತೋರಿಸಿ ಕಾಗದದ ಮೇಲೆ ಚೂರುಮಾಡುವ ತಂತ್ರಾಂಶಗಳುಂಟು.

ಜಾಬ್‌ವರ್ಕ್‌ಗೆ ಹೊರಹೋದ ಸರಕಿಗೆ ಒಂದು ಪ್ರತ್ಯೇಕ ಕಂಬಸಾಲು ಇಡುವುದರಿಂದ ಇನ್ನೊಂದು ಲಾಭವಿದೆ. ಜಿಎಸ್‌ಟಿ ಕಾಯ್ದೆಯ 143ನೆಯ ಕಲಮಿನಂತೆ ಜಾಬ್‌ವರ್ಕ್‌ಗೆ ಕಳಿಸಿದ ಕಚ್ಚಾಸಾಮಗ್ರಿ ಒಂದು ವರ್ಷದೊಳಗೆ ಮರಳದಿದ್ದರೆ, ಇಲ್ಲವೇ ಅಲ್ಲಿಂದಲೇ ಮಾರಾಟವಾಗದಿದ್ದರೆ, ಅದನ್ನು ಕಳಿಸಿದ ದಿನವೇ ಪೂರೈಕೆ ಆದಂತೆ ಪರಿಗಣಿಸಿ ತೆರಿಗೆ ಬೀಳುತ್ತದೆ. ಕಾರ್ಡಿನಲ್ಲಿ ಡೆಲಿವರಿ ಚಲನ್ ಸಂಖ್ಯೆ ಮತ್ತು ದಿನಾಂಕ ಇದ್ದರೆ ಯಾವ ಚಲನ್ ಎಷ್ಟು ತಿಂಗಳಿನಿಂದ ಹೊರಗಿದೆ ಎಂಬುದು ಕಣ್ಣೆದುರಿಗೇ ಇರುತ್ತದೆ.

ದರಪಟ್ಟಿಯ ಹಿಂದಿನ ದರ

ಈ ಸೇವೆಗಳ ದರ ಸಾಮಾನ್ಯವಾಗಿ ಬಳಕೆದಾರರೊಬ್ಬರಿಗೆ ತಿಂಗಳಿಗೆ ಇಷ್ಟು ಡಾಲರ್ ಎಂಬ ರೂಪದಲ್ಲಿರುತ್ತದೆ. ಹತ್ತು ಡಾಲರ್ ಎಂದರೆ ಹಗುರವಾಗಿ ಕೇಳಿಸುತ್ತದೆ. 12 ಮಂದಿಗೆ, 12 ತಿಂಗಳಿಗೆ ಅದು 1,440 ಡಾಲರ್. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ 1,22,400 ರೂಪಾಯಿ. ವಿದೇಶೀ ಸಂಸ್ಥೆ ನೇರವಾಗಿ ಬಿಲ್ ಮಾಡಿದಾಗ ಜಿಎಸ್‌ಟಿ ನೋಂದಣಿಯುಳ್ಳ ಉದ್ದಿಮೆಯೇ ರಿವರ್ಸ್ ಚಾರ್ಜ್ ಕ್ರಮದಲ್ಲಿ ಶೇ. 18ರ ಐಜಿಎಸ್‌ಟಿ, ಅಂದರೆ 22,032 ರೂಪಾಯಿಯನ್ನು ನಗದಾಗಿ ಕಟ್ಟಿ, ಬಳಿಕ ಹೂಡುವಳಿ ತೆರಿಗೆಯ ಜಮೆ ಪಡೆಯಬೇಕು. ಚಂದಾ ಪಡೆಯುವಾಗ ಜಿಎಸ್‌ಟಿ ಸಂಖ್ಯೆ ನಮೂದಿಸದಿದ್ದರೆ ಸೇವಾದಾರರು ಸಾಮಾನ್ಯ ಗ್ರಾಹಕರಿಗೆ ವಿಧಿಸುವಂತೆ ತೆರಿಗೆ ಸೇರಿಸುವುದುಂಟು. ಆಗ ಜಮೆಯೂ ಕೈತಪ್ಪುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರಿಗೆ ಹೇಗೂ ಜಮೆ ಇಲ್ಲ, ಅವರಿಗೆ ಅದು ಶುದ್ಧ ವೆಚ್ಚ. ವಿದೇಶಕ್ಕೆ ಹೋಗುವ ಹಣಕ್ಕೆ ಮೂಲದಲ್ಲೇ ತೆರಿಗೆ ಕಡಿತ ಅನ್ವಯಿಸುವುದೇ ಎಂಬುದನ್ನು ಲೆಕ್ಕಪರಿಶೋಧಕರಲ್ಲಿ ಮೊದಲೇ ಕೇಳಿಕೊಳ್ಳಬೇಕು. ಚೆನ್ನೈ ಮೂಲದ ಜೋಹೋದಂಥ ಸ್ವದೇಶೀ ಸಂಸ್ಥೆಗಳು ರೂಪಾಯಿಯಲ್ಲೇ ಜಿಎಸ್‌ಟಿ ಸಹಿತ ಬಿಲ್ ನೀಡುವುದರಿಂದ ಈ ಜಂಜಾಟ ಕಡಿಮೆ.

ಪಾವತಿಯ ವಿಧಾನವೂ ಗಮನಾರ್ಹ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮಗಳಂತೆ ಕಾರ್ಡಿನಿಂದ ತಾನಾಗಿ ಮರುಕಳಿಸುವ ಪಾವತಿಗಳಿಗೆ ಮುಂಚಿತ ನೋಂದಣಿ ಕಡ್ಡಾಯವಾಯಿತು. ಆರಂಭದಲ್ಲಿ 5,000 ರೂಪಾಯಿ, 2022ರ ಜೂನ್‌ನಿಂದ 15,000 ರೂಪಾಯಿ ಮೀರಿದ ಪ್ರತಿ ಸಾಮಾನ್ಯ ಚಂದಾ ಕಡಿತಕ್ಕೂ ಪ್ರತ್ಯೇಕ ದೃಢೀಕರಣ ಬೇಕಾಯಿತು. ಲಕ್ಷ ರೂಪಾಯಿಯ ವಾರ್ಷಿಕ ಚಂದಾ ತಾನಾಗಿಯೇ ನವೀಕರಣಗೊಳ್ಳುವುದೆಂದು ನಂಬಿ ಕುಳಿತರೆ, ಓಟಿಪಿ ಬರುವ ಮೊಬೈಲ್ ಮಾಲೀಕರ ಮಗನ ಕೈಯಲ್ಲಿದ್ದ ದಿನ ಇಡೀ ಘಟಕದ ಫಲಕಕ್ಕೆ ಬೀಗ ಬಿದ್ದೀತು.

ಆಸನಗಳ ಲೆಕ್ಕದಲ್ಲೂ ಎಚ್ಚರ ಬೇಕು. ಕೆಲವು ಸಂಸ್ಥೆಗಳು ಬಳಕೆದಾರರ ಸ್ಥಾನಗಳನ್ನು ಗುಂಪುಗಳಲ್ಲೇ ಮಾರುತ್ತವೆ. ಹನ್ನೊಂದನೆಯ ನೌಕರ ಬಂದರೆ ಹದಿನೈದು ಮಂದಿಯ ಹಣ ಕೊಡಬೇಕಾದೀತು. ಬೇಸ್‌ಕ್ಯಾಂಪ್‌ನ ಒಂದು ಯೋಜನೆಯಲ್ಲಿ ತಲೆಯೆಣಿಕೆ ಇಲ್ಲದೆ ಒಟ್ಟು ಶುಲ್ಕವಿರುವುದುಂಟು. ಐವತ್ತು ಮಂದಿಯ ಸಂಸ್ಥೆಗೆ ಅದು ಅನುಕೂಲ, ಹತ್ತು ಮಂದಿಗೆ ದುಬಾರಿ. ಮಾಲೀಕರು, ಸೂಪರ್‌ವೈಸರು, ರವಾನೆ ನೋಡಿಕೊಳ್ಳುವವರು, ಲೆಕ್ಕಿಗರು ಇಷ್ಟೇ ಮಂದಿ ಬಳಸಿದರೆ ಸಾಲದೇ ಎಂದು ಕೇಳಿಕೊಂಡರೆ ಹನ್ನೆರಡು ಆಸನ ನಾಲ್ಕಕ್ಕೆ ಇಳಿಯುವುದೂ ಸಾಧ್ಯ.

ರೆಡ್‌ಮೈನ್, ಓಪನ್‌ಪ್ರಾಜೆಕ್ಟ್ ಮೊದಲಾದ ಮುಕ್ತ ತಂತ್ರಾಂಶಗಳನ್ನು ಪರವಾನಗಿ ಶುಲ್ಕವಿಲ್ಲದೆ ಸ್ವಂತ ಸರ್ವರಿನಲ್ಲಿ ಸ್ಥಾಪಿಸಿಕೊಳ್ಳಬಹುದು. ಸರ್ವರನ್ನು ನೋಡಿಕೊಳ್ಳುವ, ಪ್ರತಿರಾತ್ರಿ ಮಾಹಿತಿಯ ನಕಲು ತೆಗೆದಿಡುವ ಒಬ್ಬರು ಇದ್ದರೆ ಇದು ಮಿತವ್ಯಯದ ದಾರಿ. ದಾಸ್ತಾನು, ವೆಚ್ಚದ ಲೆಕ್ಕ, ಉತ್ಪಾದನೆ ಮೂರೂ ಒಂದಕ್ಕೊಂದು ಹೊಂದಿಕೊಳ್ಳಬೇಕೆಂಬ ಅಗತ್ಯ ಇದ್ದವರು ಕಾರ್ಯ ನಿರ್ವಹಣಾ ಆಪ್‌ಗಳನ್ನು ಹುಡುಕುವುದರಲ್ಲೇ ತಪ್ಪಿದೆ. ಅವರು ನೋಡಬೇಕಾದುದು ಇಆರ್‌ಪಿ ತಂತ್ರಾಂಶಗಳನ್ನು. ಮುಂಬಯಿಯ ಫ್ರಾಪೆ ಸಂಸ್ಥೆಯ ಮುಕ್ತ ತಂತ್ರಾಂಶವಾದ ಇಆರ್‌ಪಿನೆಕ್ಸ್ಟ್‌ನಲ್ಲಿ ವರ್ಕ್ ಆರ್ಡರ್, ಜಾಬ್ ಕಾರ್ಡ್ ಎರಡೂ ಇವೆ.

2023ರಿಂದೀಚೆಗೆ ಹಲವು ಸಂಸ್ಥೆಗಳು ಕೃತಕ ಬುದ್ಧಿಮತ್ತೆಯ ಸೌಲಭ್ಯವನ್ನು ಸೇರಿಸಿ ದರ ಏರಿಸಲು ಮುಂದಾಗಿವೆ. ವಾರದ ಸಾರಾಂಶವನ್ನು ಅದು ಚೆನ್ನಾಗಿಯೇ ಬರೆದುಕೊಡುತ್ತದೆ. ಯಾರೂ ಸರಿಸದ ಕಾರ್ಡಿನ ಬಗ್ಗೆ ಅದಕ್ಕೂ ಏನೂ ತಿಳಿಯದು. ಈ ಅಂಶವನ್ನು ಆಯ್ಕೆಯ ಕೊನೆಯಲ್ಲಿಟ್ಟುಕೊಂಡರೆ ನಷ್ಟವಿಲ್ಲ.

ಹೊರಬರುವ ಬಾಗಿಲು

ಉಚಿತ ಸೇವೆಯ ಮೇಲೆ ಕಟ್ಟಿದ ವ್ಯವಸ್ಥೆ ಎಷ್ಟು ದಿನ ನಿಲ್ಲುತ್ತದೆ ಎಂಬುದಕ್ಕೆ ಕಳೆದ ವರ್ಷಗಳ ಚರಿತ್ರೆಯೇ ಸಾಕ್ಷಿ. ಜನಪ್ರಿಯ ಕಾರ್ಯಪಟ್ಟಿಯಾಗಿದ್ದ ವಂಡರ್‌ಲಿಸ್ಟನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡು, 2020ರ ಮೇ ತಿಂಗಳಲ್ಲಿ ಮುಚ್ಚಿತು. ಟ್ರೆಲೊವನ್ನು ಅಟ್ಲಾಸಿಯನ್ 2017ರಲ್ಲಿ 42.5 ಕೋಟಿ ಡಾಲರಿಗೆ ಖರೀದಿಸಿತು. 2024ರಲ್ಲಿ ಅದರ ಉಚಿತ ಯೋಜನೆಯ ಪ್ರತಿ ಕಾರ್ಯಕ್ಷೇತ್ರಕ್ಕೆ ಹತ್ತೇ ಸಹಭಾಗಿಗಳೆಂಬ ಮಿತಿ ಬಂತು. ಟಿಪ್ಪಣಿಗಳ ಆಪ್ ಎವರ್‌ನೋಟ್ ಇಟಲಿಯ ಬೆಂಡಿಂಗ್ ಸ್ಪೂನ್ಸ್ ಸಂಸ್ಥೆಯ ಕೈಸೇರಿದ ಬಳಿಕ, 2023ರ ಕೊನೆಯಲ್ಲಿ ಉಚಿತ ಬಳಕೆದಾರರಿಗೆ 50 ಟಿಪ್ಪಣಿಗಳ ಮಿತಿ ಹಾಕಿತು. ಸ್ವಂತ ಸರ್ವರಿನಲ್ಲಿ ಜಿರಾ ಇಟ್ಟುಕೊಂಡು ನಿಶ್ಚಿಂತರಾಗಿದ್ದವರಿಗೂ ನೆಮ್ಮದಿ ಉಳಿಯಲಿಲ್ಲ. ಅಟ್ಲಾಸಿಯನ್ 2024ರ ಫೆಬ್ರುವರಿಯಲ್ಲಿ ಸರ್ವರ್ ಆವೃತ್ತಿಗಳಿಗೆ ಬೆಂಬಲ ನಿಲ್ಲಿಸಿತು. ಇವೆಲ್ಲ ಆಯಾ ಸಂಸ್ಥೆಗಳ ನ್ಯಾಯಸಮ್ಮತ ವ್ಯಾಪಾರ ನಿರ್ಧಾರಗಳೇ. ಆದರೆ ಪರಿಣಾಮವನ್ನು ಅನುಭವಿಸಿದವರು ನಿರ್ಧಾರದಲ್ಲಿ ಪಾಲಿಲ್ಲದ ಬಳಕೆದಾರರು.

ಹೀಗಾಗಿ ಮೊದಲ ವಾರದಲ್ಲೇ ಮಾಹಿತಿಯನ್ನು ಹೊರತೆಗೆದು ನೋಡಬೇಕು. ಬಹುತೇಕ ಆಪ್‌ಗಳು 'ರಫ್ತು ಲಭ್ಯ' ಎನ್ನುತ್ತವೆ. ಹೊರಬಂದ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದಾಗ ಆದೇಶದ ಹೆಸರು, ದಿನಾಂಕ ಉಳಿದಿರುತ್ತವೆ. ಚರ್ಚೆ, ಲಗತ್ತಿಸಿದ ಚಿತ್ರಗಳು, ಯಾವ ದಿನ ಯಾವ ಹಂತ ದಾಟಿತೆಂಬ ಚರಿತ್ರೆ ಹಲವು ಬಾರಿ ಇರುವುದಿಲ್ಲ. ಟ್ರೆಲೊದಲ್ಲಿ ಎಕ್ಸೆಲ್‌ಗೆ ಒಗ್ಗುವ ಸಿಎಸ್‌ವಿ ರೂಪ ಬೇಕಾದರೆ ಹಣ ಕೊಡುವ ಯೋಜನೆಯಲ್ಲಿರಬೇಕು. ಉಚಿತವಾಗಿ ದೊರೆಯುವ ಜೇಸನ್ ರೂಪವನ್ನು ಓದಲು ತಂತ್ರಜ್ಞರ ನೆರವು ಬೇಕು. ದಂಡದ ಬಗ್ಗೆ ಗ್ರಾಹಕರೊಡನೆ ವಿವಾದ ಎದ್ದಾಗ, ವಿಳಂಬ ಫೌಂಡ್ರಿಯಲ್ಲಾಯಿತೇ, ಗ್ರಾಹಕರ ತಪಾಸಣಾಧಿಕಾರಿ ತಡವಾಗಿ ಬಂದದ್ದರಿಂದ ಆಯಿತೇ ಎಂದು ತೋರಿಸಲು ಬೇಕಾದದ್ದು ಆ ಚರಿತ್ರೆಯೇ.

ಖಾತೆ ಯಾರ ಹೆಸರಿನಲ್ಲಿದೆ ಎಂಬುದು ಇನ್ನೂ ಮುಖ್ಯ. ಉತ್ಸಾಹಿ ನೌಕರನೊಬ್ಬ ತನ್ನ ಖಾಸಗಿ ಜಿಮೇಲ್ ವಿಳಾಸದಿಂದ ಆರಂಭಿಸಿದ ಫಲಕ, ಆತ ಬೇರೆ ಕಡೆ ಸೇರಿದ ದಿನ ಸಂಸ್ಥೆಯದಾಗಿ ಉಳಿಯುವುದೆಂಬ ಖಾತರಿಯಿಲ್ಲ. ವಾಟ್ಸ್‌ಆಪ್ ಗುಂಪಿನದೂ ಇದೇ ಕಥೆ: ಮೊಬೈಲ್ ಹೋದರೆ ಚರಿತ್ರೆಯೂ ಹೋಗಬಹುದು, ಹೊಸದಾಗಿ ಸೇರಿದವರಿಗೆ ಹಿಂದಿನ ವರ್ಷಗಳ ಮಾತು ದೊರೆಯದು. ಸಂಸ್ಥೆಯದೇ ಇಮೇಲ್ ವಿಳಾಸದಲ್ಲಿ ಖಾತೆ ತೆರೆದು, ಆಡಳಿತಾಧಿಕಾರವನ್ನು ಮಾಲೀಕರೂ ಮತ್ತೊಬ್ಬರೂ ಇಟ್ಟುಕೊಳ್ಳುವುದು ಸರಿಯಾದ ಕ್ರಮ.

ಗ್ರಾಹಕರ ಡ್ರಾಯಿಂಗ್‌ಗಳ ವಿಚಾರದಲ್ಲಿ ಒಂದು ಎಚ್ಚರಿಕೆ. ರಕ್ಷಣೆ ಮತ್ತು ವೈಮಾನಿಕ ಕ್ಷೇತ್ರಕ್ಕೆ ಪೂರೈಸುವ ಘಟಕಗಳು ಗೋಪ್ಯತೆಯ ಷರತ್ತಿಗೆ ಸಹಿ ಹಾಕಿರುತ್ತವೆ. ಡ್ರಾಯಿಂಗನ್ನು ವಿದೇಶದ ಸರ್ವರಿಗೆ ಏರಿಸುವುದು ಆ ಷರತ್ತಿನ ಉಲ್ಲಂಘನೆಯಾಗಬಹುದು. ಕಾರ್ಡಿನಲ್ಲಿ ಡ್ರಾಯಿಂಗಿನ ಸಂಖ್ಯೆ ಮತ್ತು ಪರಿಷ್ಕರಣೆ ಸಂಖ್ಯೆ ಇದ್ದರೆ ಸಾಕು. ಮೂಲ ಹಾಳೆ ಕಚೇರಿಯ ಬೀರುವಿನಲ್ಲೇ ಇರಲಿ.

ಎರಡು ವಾರಗಳ ಪರೀಕ್ಷೆ

ಒಂದೇ ಶೆಡ್ಡಿನಲ್ಲಿ ಏಳೆಂಟು ಮಂದಿ ಒಬ್ಬರ ಕಣ್ಣಳತೆಯಲ್ಲೇ ದುಡಿಯುವ ಘಟಕಕ್ಕೆ ಸದ್ಯಕ್ಕೆ ಯಾವ ಆಪ್ ಕೂಡ ಬೇಕಿಲ್ಲ. ಗೋಡೆಯ ಮೇಲೊಂದು ಬಿಳಿ ಹಲಗೆ, ಆದೇಶಕ್ಕೊಂದು ಚೀಟಿ, ಹಂತಕ್ಕೊಂದು ಗೆರೆ ಸಾಕು. ಆ ಹಲಗೆ ಮೂರು ತಿಂಗಳು ಸರಿಯಾಗಿ ನಡೆದರೆ, ತಂತ್ರಾಂಶಕ್ಕೆ ಹೋಗಬೇಕಾದ ದಿನ ಏನು ಬೇಕೆಂಬುದು ತಾನಾಗಿ ಗೊತ್ತಾಗಿರುತ್ತದೆ.

ಆಪ್ ಅಗತ್ಯವೆಂದು ತೀರ್ಮಾನಿಸಿದವರು ಎರಡನ್ನು ಮಾತ್ರ ಪರೀಕ್ಷೆಗೆ ಆರಿಸಿಕೊಳ್ಳಬೇಕು. ಐದನ್ನು ಆರಿಸಿಕೊಂಡರೆ ಯಾವುದನ್ನೂ ಸರಿಯಾಗಿ ನೋಡಿದಂತಾಗುವುದಿಲ್ಲ. ಮಾದರಿ ಮಾಹಿತಿಯನ್ನು ಬಿಟ್ಟು, ಈಗ ನಡೆಯುತ್ತಿರುವ ಹತ್ತು ನೈಜ ಆದೇಶಗಳನ್ನು ಒಂದರಲ್ಲಿ ಒಂದು ವಾರ, ಇನ್ನೊಂದರಲ್ಲಿ ಮತ್ತೊಂದು ವಾರ ನಡೆಸಬೇಕು. ಕಾರ್ಡು ಸರಿಸುವ ಕೆಲಸ ಸೂಪರ್‌ವೈಸರದೇ ಆಗಿರಬೇಕು, ಗಣಕ ಬಲ್ಲ ಕಚೇರಿ ನೌಕರರದಲ್ಲ. ಆ ಅವಧಿಯಲ್ಲಿ ವಾಟ್ಸ್‌ಆಪ್ ಮಾತುಕತೆಗೆ ಇರಲಿ. ಆದರೆ 'ಕೆಲಸ ಮುಗಿಯಿತು' ಎಂಬ ಸುದ್ದಿಯನ್ನು ಅಲ್ಲಿ ಸ್ವೀಕರಿಸಬಾರದು. ಸೋಮವಾರದ ಸಭೆ ಫಲಕವನ್ನು ಮುಂದಿಟ್ಟುಕೊಂಡೇ ನಡೆಯಬೇಕು, ಫಲಕದಲ್ಲಿಲ್ಲದ ಆದೇಶದ ಬಗ್ಗೆ ಚರ್ಚೆ ಬೇಡ. ಈ ಒಂದು ನಿಯಮಕ್ಕೆ ಮಾಲೀಕರೇ ತಪ್ಪಿ, ರಾತ್ರಿ ಒಂಬತ್ತಕ್ಕೆ ಗುಂಪಿನಲ್ಲಿ 'ಆ ಅರ್ಜೆಂಟ್ ಆರ್ಡರ್ ಏನಾಯಿತು' ಎಂದು ಕೇಳುವುದು ಪರೀಕ್ಷೆ ಮುರಿದುಬೀಳುವ ಅತಿ ಸಾಮಾನ್ಯ ಕಾರಣ.

ಪ್ರತಿ ಶನಿವಾರ ಸಂಜೆ ಮಾಲೀಕರು ಮೊಬೈಲ್ ಹಿಡಿದು ಶೆಡ್ಡಿನಲ್ಲಿ ಒಂದು ಸುತ್ತು ಬರಬೇಕು. ಹತ್ತು ಕಾರ್ಡುಗಳಲ್ಲಿ ಎಷ್ಟು ನಿಜವಾದ ಸ್ಥಳದಲ್ಲಿವೆ ಎಂದು ಎಣಿಸಬೇಕು. ಒಂಬತ್ತು ಅಥವಾ ಹತ್ತು ಹೊಂದಿಕೆಯಾದರೆ ಆ ಆಪ್ ಘಟಕಕ್ಕೆ ಒಗ್ಗಿದೆ. ಆರು ಅಥವಾ ಏಳಾದರೆ ಖಾನೆಗಳನ್ನು ಕಡಿಮೆ ಮಾಡಿ ಇನ್ನೊಂದು ವಾರ ನೋಡಬಹುದು. ಅದಕ್ಕೂ ಕೆಳಗಾದರೆ ಸೂಪರ್‌ವೈಸರನ್ನು ಗದರುವ ಮುನ್ನ, ಕಾರ್ಡು ಸರಿಸಲು ಅವರಿಗೆ ಎಲ್ಲಿ ತಡೆಯಾಯಿತೆಂದು ಕೂರಿಸಿಕೊಂಡು ಕೇಳಬೇಕು. ವಾರ್ಷಿಕ ಚಂದಾದಲ್ಲಿ ದೊರೆಯುವ ರಿಯಾಯಿತಿಗೆ ಆಸೆಪಡದೆ, ಮೊದಲ ಮೂರು ತಿಂಗಳು ಮಾಸಿಕ ದರದಲ್ಲೇ ಮುಂದುವರಿಯುವುದು ಕ್ಷೇಮಕರ. ಪ್ರತಿ ತಿಂಗಳ ಕೊನೆಯ ಶನಿವಾರ ಇಡೀ ಫಲಕದ ಪ್ರತಿಯೊಂದನ್ನು ಹೊರತೆಗೆದು, ಟ್ಯಾಲಿಯ ನಕಲು ಇಡುವ ಕಡತಕೋಶದಲ್ಲೇ ಇದನ್ನೂ ಇಡಬೇಕು.